ಸಾಹಸಚಿತ್ರಗಳ ನಾಯಕ: ಬದಲಾದ ಮೈಕಟ್ಟು, ಬದಲಾದ ತಾರಾಬಲ

ಹೊಡೆದಾಟ, ಬೆನ್ನಟ್ಟುವಿಕೆ, ಜಿಗಿತ, ಬೀಳು-ಏಳುಗಳೇ ಕತೆಯನ್ನು ಮುಂದಕ್ಕೆ ಒಯ್ಯುವ ಚಲನಚಿತ್ರಗಳಿಗೆ ಸಾಹಸಚಿತ್ರಗಳೆಂದು ಹೆಸರು. ಇಂಥ ಚಿತ್ರದ ನಾಯಕನಟನಿಗೆ ಬಂಡವಾಳ ಎರಡು: ನೋಡುವವರು ನಂಬುವಂಥ ಮೈಕಟ್ಟು, ಹೆಸರು ಕೇಳಿಯೇ ಜನ ಟಿಕೆಟ್ ಕೊಳ್ಳುವಂಥ ತಾರಾಬಲ. ನೂರಕ್ಕೂ ಮಿಕ್ಕ ವರ್ಷಗಳಲ್ಲಿ ಇವೆರಡೂ ಒಟ್ಟಿಗೆ ಬೆಳೆದದ್ದುಂಟು, ಒಂದು ಏರಿದಾಗ ಇನ್ನೊಂದು ಇಳಿದದ್ದೂ ಉಂಟು. 1980ರ ದಶಕದ ಹಾಲಿವುಡ್ಡಿನಲ್ಲಿ ತೋಳಿನ ಸುತ್ತಳತೆಯೇ ನಟನ ಬೆಲೆಯನ್ನು ಹೇಳುತ್ತಿತ್ತು. ಇಂದು ಅದಕ್ಕಿಂತ ಅಚ್ಚುಕಟ್ಟಾಗಿ ಕಡೆದಂಥ ಮೈ ಹತ್ತಾರು ನಟರಿಗಿದೆ. ಅವರಲ್ಲಿ ಹೆಚ್ಚಿನವರ ಹೆಸರಿನ ಮೇಲೆ ಮಾತ್ರ ಚಿತ್ರ ಓಡುವುದಿಲ್ಲ. ಇದು ಹೇಗಾಯಿತು ಎಂಬುದು ಈ ಲೇಖನದ ವಿಷಯ. ಹಾಲಿವುಡ್ ಇದರ ಮುಖ್ಯ ರಂಗ. ಹಾಂಕಾಂಗಿನ ಹಾಗೂ ನಮ್ಮ ಚಿತ್ರರಂಗಗಳು ಆ ಕತೆಗೆ ನಿಜವಾಗಿ ತಾಗುವ ಕಡೆ ಅವೂ ಬರುತ್ತವೆ.

ಮೂಕಿಚಿತ್ರಗಳಿಂದ ಟಾರ್ಜಾನ್‌ವರೆಗೆ

ಚಲನಚಿತ್ರ ಕತೆ ಹೇಳಲು ಕಲಿಯುವ ಮೊದಲೇ ಗಂಡಸಿನ ಮಾಂಸಖಂಡವನ್ನು ತೋರಿಸಿತ್ತು. 1894ರ ಮಾರ್ಚಿನಲ್ಲಿ ಎಡಿಸನ್ ಕಂಪನಿಯವರು ನ್ಯೂಜರ್ಸಿಯ ತಮ್ಮ ಸ್ಟುಡಿಯೊದಲ್ಲಿ ಯೂಜೆನ್ ಸ್ಯಾಂಡೋ ಎಂಬ ಜಟ್ಟಿಯನ್ನು ನಿಲ್ಲಿಸಿ, ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಚಿತ್ರ ತೆಗೆದರು. ಅದರಲ್ಲಿ ಘಟನೆ ಎಂಬುದೇ ಇಲ್ಲ. ಸ್ಯಾಂಡೋ ತೋಳು ಮಡಿಸುತ್ತಾನೆ, ಎದೆ ಉಬ್ಬಿಸುತ್ತಾನೆ, ಅಷ್ಟೇ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆತ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಪಶ್ಚಿಮದ ಅಂಗಸಾಧನೆಯ ಅಲೆ ಬೆಂಗಳೂರನ್ನು ಮುಟ್ಟಿದಾಗ ಅದಕ್ಕೆ ಇಲ್ಲಿ ದೊರೆತ ದೊಡ್ಡ ಹೆಸರು ಕೆ.ವಿ. ಅಯ್ಯರ್ ಅವರದು. ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಕಟ್ಟಿದವರು, ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದವರು, ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಎಲ್ಲ ಒಬ್ಬರೇ. ಅವರ ಛಾಯಾಚಿತ್ರಗಳು ವಿದೇಶದ ಅಂಗಸಾಧನೆಯ ಪತ್ರಿಕೆಗಳಲ್ಲೂ ಅಚ್ಚಾದವು. ಇಷ್ಟಾದರೂ ಕನ್ನಡದ ಬೆಳ್ಳಿತೆರೆ ಅಂಥ ಮೈಯನ್ನು ನಾಯಕನಲ್ಲಿ ಬಯಸಲು ಇನ್ನೂ ಹಲವು ದಶಕ ಹಿಡಿಯಿತು.

ಹಾಲಿವುಡ್ಡಿನ ಮೊದಲ ದೊಡ್ಡ ಸಾಹಸನಾಯಕ ಡಗ್ಲಸ್ ಫೇರ್‌ಬ್ಯಾಂಕ್ಸ್. ‘ದಿ ಮಾರ್ಕ್ ಆಫ್ ಜೋರೋ’ (1920), ‘ರಾಬಿನ್ ಹುಡ್’ (1922), ‘ದಿ ಥೀಫ್ ಆಫ್ ಬಾಗ್ದಾದ್’ (1924) ಚಿತ್ರಗಳಲ್ಲಿ ಆತನ ಮೈ ತೆಳ್ಳಗಿದೆ, ಹಗುರವಾಗಿದೆ, ಜಿಮ್ನಾಸ್ಟನ ಮೈಯಂತೆ ಚುರುಕಾಗಿದೆ. ಆ ಮೈಯ ಬೆಲೆ ಗಾತ್ರದಿಂದ ಬಂದದ್ದಲ್ಲ, ಗೋಡೆ ಹತ್ತಿ ಮಹಡಿಯಿಂದ ಮಹಡಿಗೆ ನಗುತ್ತ ಹಾರುವ ಲೀಲೆಯಿಂದ ಬಂದದ್ದು. ಆತನ ತಾರಾಬಲ ಎಷ್ಟಿತ್ತೆಂದರೆ, 1919ರಲ್ಲಿ ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಿ.ಡಬ್ಲ್ಯು. ಗ್ರಿಫಿತ್ ಅವರೊಡನೆ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಸ್ವಂತ ಸಂಸ್ಥೆಯನ್ನೇ ಕಟ್ಟಿದ. ನಟನೇ ತನ್ನ ಚಿತ್ರದ ಮಾಲೀಕನಾದ ಆ ಸ್ಥಿತಿಗೆ ಇಂದಿನ ಸಾಹಸನಾಯಕರಲ್ಲಿ ತಲುಪಿದವರು ಬೆರಳೆಣಿಕೆಯಷ್ಟು.

ಮಾತು ಬಂದ ಮೇಲೆ ತೆರೆಗೆ ಕ್ರೀಡಾಪಟುಗಳು ಬಂದರು. 1924 ಮತ್ತು 1928ರ ಒಲಿಂಪಿಕ್ಸ್‌ಗಳಲ್ಲಿ ಈಜಿಗೆ ಐದು ಚಿನ್ನದ ಪದಕ ಗೆದ್ದಿದ್ದ ಜಾನಿ ವೈಸ್‌ಮುಲ್ಲರ್ 1932ರಲ್ಲಿ ಟಾರ್ಜಾನ್ ಆದ. 1948ರ ವರೆಗೆ ಹನ್ನೆರಡು ಚಿತ್ರಗಳಲ್ಲಿ ಆ ಪಾತ್ರವನ್ನು ಮಾಡಿದ. ಅಗಲ ಭುಜ, ಉದ್ದ ಕೈಕಾಲು, ಗಂಟು ಕಾಣದ ನಯವಾದ ಮೈ: ಅದು ಈಜುವವನ ಮೈ, ಕನ್ನಡಿಯ ಮುಂದೆ ನಿಂತು ಬೆಳೆಸಿದ್ದಲ್ಲ. ಟಾರ್ಜಾನ್ ನದಿಗೆ ಧುಮುಕಿದಾಗ ನೋಡುವವರಿಗೆ ಕಾಣುತ್ತಿದ್ದುದು ನಿಜವಾದ ಒಲಿಂಪಿಕ್ ಈಜು. ಈ ಅಂಶವನ್ನು ನೆನಪಿಡಬೇಕು, ಮುಂದೆ ಕಳೆದುಹೋಗುವುದು ಇದೇ.

ದೊಡ್ಡ ಆಳು, ಸಾದಾ ಮೈ

1930ರಿಂದ 1970ರ ವರೆಗಿನ ದೊಡ್ಡ ಸಾಹಸತಾರೆಗಳ ಮೈಯನ್ನು ಇಂದಿನ ಕಣ್ಣಿನಿಂದ ನೋಡಿದರೆ ಅಚ್ಚರಿಯಾಗುತ್ತದೆ. ಜಾನ್ ವೇಯ್ನ್ ಆರಡಿ ನಾಲ್ಕು ಅಂಗುಲದ ಆಳು. ಆದರೆ ಹೊಟ್ಟೆಯ ಮೇಲೆ ಎದ್ದು ಕಾಣುವ ಮಾಂಸಖಂಡಗಳಿರಲಿಲ್ಲ, ಅಂಗಿ ಬಿಚ್ಚುವ ಅಗತ್ಯವೂ ಇರಲಿಲ್ಲ. ಬಾಗಿಲಲ್ಲಿ ಬಂದು ನಿಂತರೆ ಸಾಕು, ಆ ನಡಿಗೆ ಮತ್ತು ದನಿ ಉಳಿದದ್ದನ್ನು ಮಾಡುತ್ತಿದ್ದವು. ಅಮೆರಿಕದ ಚಿತ್ರಮಂದಿರಗಳ ಮಾಲೀಕರ ಅಭಿಪ್ರಾಯ ಕೇಳಿ ಕ್ವಿಗ್ಲಿ ಸಂಸ್ಥೆ ವರ್ಷವರ್ಷವೂ ಪ್ರಕಟಿಸುತ್ತಿದ್ದ, ಹಣ ತರುವ ಹತ್ತು ತಾರೆಯರ ಪಟ್ಟಿಯಲ್ಲಿ ಆತ ಇಪ್ಪತ್ತೈದು ಬಾರಿ ಇದ್ದ. ಎರಾಲ್ ಫ್ಲಿನ್, ಗ್ಯಾರಿ ಕೂಪರ್ ಅವರದೂ ಹೀಗೇ ಸಾದಾ ಮೈ. ಬರ್ಟ್ ಲಂಕಾಸ್ಟರ್ ಮಾತ್ರ ಬೇರೆ ಜಾತಿ. ಸಿನಿಮಾಕ್ಕೆ ಬರುವ ಮೊದಲು ಸರ್ಕಸ್ಸಿನಲ್ಲಿ ಕಸರತ್ತು ಮಾಡುತ್ತಿದ್ದ ಆತ ‘ದಿ ಕ್ರಿಮ್ಸನ್ ಪೈರೇಟ್’ (1952) ಚಿತ್ರದಲ್ಲಿ ಹಳೆಯ ಸರ್ಕಸ್ ಜೊತೆಗಾರ ನಿಕ್ ಕ್ರವಾಟನೊಂದಿಗೆ ಹಾರಿ ನೆಗೆದದ್ದನ್ನು ಈಗ ನೋಡಿದರೂ ಉಸಿರು ಕಟ್ಟುತ್ತದೆ.

1960ರ ದಶಕದಲ್ಲಿ ಶಾನ್ ಕಾನರಿ ಜೇಮ್ಸ್ ಬಾಂಡ್ ಆಗಿ ಬಂದ. ಯೌವನದಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಗೆ ಇಳಿದಿದ್ದವನು ಆತ. ತೆರೆಯ ಮೇಲೆ ಆ ಮೈಯನ್ನು ಹೆಚ್ಚಾಗಿ ಸೂಟಿನೊಳಗೆ ಮುಚ್ಚಿಟ್ಟೇ ಕೆಲಸ ಮಾಡಿಸಿದರು. ಸ್ಟೀವ್ ಮೆಕ್ವೀನ್, ಕ್ಲಿಂಟ್ ಈಸ್ಟ್‌ವುಡ್ ಇಬ್ಬರೂ ಒಣಗಿದ, ಹುರಿಗಟ್ಟಿದ ಮೈಯವರು. ‘ಡೆತ್ ವಿಶ್’ (1974) ಬಿಡುಗಡೆಯಾದಾಗ ಚಾರ್ಲ್ಸ್ ಬ್ರಾನ್ಸನ್ ಐವತ್ತು ದಾಟಿದ್ದ. ಇವರೆಲ್ಲರ ತಾರಾಬಲ ಮುಖದಲ್ಲಿತ್ತು, ಮೌನದಲ್ಲಿತ್ತು.

ಈ ದಶಕಗಳಲ್ಲೇ ಇಟಲಿಯಲ್ಲಿ ಇನ್ನೊಂದು ಧಾರೆ ಹರಿಯುತ್ತಿತ್ತು. ಅದರ ಬೇರು ‘ಕಬಿರಿಯಾ’ (1914) ಚಿತ್ರದಲ್ಲಿ ಮಚಿಸ್ತೆ ಎಂಬ ಬಲಶಾಲಿ ಗುಲಾಮನ ಪಾತ್ರ ಮಾಡಿದ ಜಿನೋವಾ ಬಂದರಿನ ಕೂಲಿ ಬಾರ್ತೊಲೊಮಿಯೊ ಪಗಾನೊನಲ್ಲಿದೆ. ಅಮೆರಿಕದ ದೇಹದಾರ್ಢ್ಯಪಟು ಸ್ಟೀವ್ ರೀವ್ಸ್ ಇಟಲಿಗೆ ಹೋಗಿ 1958ರ ಚಿತ್ರವೊಂದರಲ್ಲಿ ಹರ್ಕ್ಯುಲಿಸ್ ಆದ. ಮರುವರ್ಷ ಆ ಚಿತ್ರ ಅಮೆರಿಕದಲ್ಲಿ ಭಾರಿ ಪ್ರಚಾರದೊಂದಿಗೆ ಬಿಡುಗಡೆಯಾಗಿ ಹಣ ಬಾಚಿತು. ರೀವ್ಸನ ದನಿಯನ್ನು ಬೇರೆಯವರು ಕೊಟ್ಟಿದ್ದರು. ಜನ ನೋಡಲು ಬಂದದ್ದು ಮೈಯನ್ನೇ. ಈ ಚಿತ್ರಗಳಿಗೆ ವಿಮರ್ಶಕರು ಬೆಲೆ ಕೊಡಲಿಲ್ಲ. ಆದರೆ ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ ಒಬ್ಬ ಹುಡುಗ, ರೀವ್ಸನ ನಂತರ ಹರ್ಕ್ಯುಲಿಸ್ ಆಗಿದ್ದ ರೆಗ್ ಪಾರ್ಕನನ್ನು ತೆರೆಯ ಮೇಲೆ ನೋಡಿ, ತನ್ನ ಬದುಕೂ ಹೀಗೇ ಆಗಬೇಕೆಂದು ಹಟ ತೊಟ್ಟ. ಆ ಹುಡುಗ ಆರ್ನಾಲ್ಡ್ ಶ್ವಾರ್ಜ್‌ನೆಗರ್.

ಬ್ರೂಸ್ ಲೀ

ಸಾಹಸನಾಯಕನ ಮೈಯ ಇತಿಹಾಸದಲ್ಲಿ ನಿಜವಾದ ತಿರುವು ಹಾಂಕಾಂಗಿನಿಂದ ಬಂತು. 1940ರಲ್ಲಿ ಸಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿ ಹಾಂಕಾಂಗಿನಲ್ಲಿ ಬೆಳೆದ ಬ್ರೂಸ್ ಲೀಗೆ ಹಾಲಿವುಡ್ ‘ದಿ ಗ್ರೀನ್ ಹಾರ್ನೆಟ್’ ಧಾರಾವಾಹಿಯಲ್ಲಿ ಕೊಟ್ಟದ್ದು ನಾಯಕನ ಸಹಾಯಕ ಕೇಟೋನ ಪಾತ್ರ. ಹಾಂಕಾಂಗಿಗೆ ಮರಳಿ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಗೆ ‘ದಿ ಬಿಗ್ ಬಾಸ್’ (1971), ‘ಫಿಸ್ಟ್ ಆಫ್ ಫ್ಯೂರಿ’ (1972), ‘ವೇ ಆಫ್ ದಿ ಡ್ರ್ಯಾಗನ್’ (1972) ಮಾಡಿದ. ಹಾಲಿವುಡ್ ಜೊತೆಗೂಡಿದ ‘ಎಂಟರ್ ದಿ ಡ್ರ್ಯಾಗನ್’ ತೆರೆಗೆ ಬರುವ ಮೊದಲೇ, 1973ರ ಜುಲೈ 20ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ.

ಲೀಯ ಎತ್ತರ ಐದೂವರೆ ಅಡಿಗೆ ಸ್ವಲ್ಪ ಹೆಚ್ಚು. ತೂಕ ಅರುವತ್ತರ ಆಸುಪಾಸಿನ ಕಿಲೊ. ಆದರೆ ಬೆನ್ನಿನ ರೆಕ್ಕೆಗಳು ಬಿಚ್ಚಿಕೊಳ್ಳುವುದನ್ನು, ಹೊಟ್ಟೆಯ ಒಂದೊಂದು ಎಳೆಯೂ ಎದ್ದು ಕಾಣುವುದನ್ನು ಅದುವರೆಗೆ ಸಾಹಸಚಿತ್ರದ ಪ್ರೇಕ್ಷಕರು ಕಂಡಿರಲಿಲ್ಲ. ಇಟಲಿಯ ಹರ್ಕ್ಯುಲಿಸ್‌ಗಳು ನಿಂತು ತೋರಿಸುವ ಮೈಯವರು, ಲೀಯದು ಕೆಲಸ ಮಾಡುವ ಮೈ. ಓಟ, ಹಗ್ಗದಾಟ, ಭಾರ ಎತ್ತುವಿಕೆ, ಆಹಾರ ಎಲ್ಲವನ್ನೂ ಕಾದಾಟದ ವೇಗಕ್ಕೆ ಸಾಧನವಾಗಿ ಬಳಸಿದ ತಾರೆ ಆತ. ‘ವೇ ಆಫ್ ದಿ ಡ್ರ್ಯಾಗನ್’ ಚಿತ್ರದ ಕೊನೆಯಲ್ಲಿ, ರೋಮ್‌ನ ಕೊಲಾಸಿಯಂ ಹಿನ್ನೆಲೆಯಲ್ಲಿ, ತನಗಿಂತ ದಪ್ಪ ಆಳಾದ ಚಕ್ ನಾರಿಸನ ಎದುರು ಆತ ಕಾದಾಡುತ್ತಾನೆ. ಎರಡು ಮೈಗಳನ್ನು ಪಕ್ಕಪಕ್ಕ ಇಟ್ಟು ಗಾತ್ರಕ್ಕೂ ಬಲಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯ ಇನ್ನೊಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಲೀ ಸತ್ತ ಮೇಲೆ ಹಾಂಕಾಂಗ್ ಮತ್ತು ತೈವಾನ್ ನಿರ್ಮಾಪಕರು ಬ್ರೂಸ್ ಲೈ, ಬ್ರೂಸ್ ಲೇ ಎಂಬ ಹೆಸರುಗಳಲ್ಲಿ ಹೋಲುವ ನಟರನ್ನು ಹುಡುಕಿ ತಂದು ಸಾಲುಸಾಲು ಚಿತ್ರ ಮಾಡಿದರು. ಅದೇ ಕೂದಲು, ಅದೇ ಕೂಗು, ಅದೇ ಹಳದಿ ಉಡುಪು. ಯಾರೂ ನಿಲ್ಲಲಿಲ್ಲ. ಆತನ ಜಾಗ ತುಂಬಿದವನು ಆತನನ್ನು ಅನುಕರಿಸುವುದನ್ನು ಬಿಟ್ಟ ಜಾಕಿ ಚಾನ್. ಪೀಕಿಂಗ್ ಆಪೆರಾ ಶಾಲೆಯಲ್ಲಿ ಬಾಲ್ಯದಿಂದ ಕಸರತ್ತು ಕಲಿತಿದ್ದ ಆತ ‘ಡ್ರಂಕನ್ ಮಾಸ್ಟರ್’ (1978), ‘ಪೊಲೀಸ್ ಸ್ಟೋರಿ’ (1985) ಚಿತ್ರಗಳಲ್ಲಿ ಪೆಟ್ಟು ತಿನ್ನುವ, ನೋವಿನಿಂದ ಕೈ ಕೊಡವುವ ನಾಯಕನನ್ನು ಸೃಷ್ಟಿಸಿದ. ಚಿತ್ರ ಮುಗಿದ ಮೇಲೆ ಶೂಟಿಂಗಿನಲ್ಲಿ ಬಿದ್ದ, ಗಾಯಗೊಂಡ ತುಣುಕುಗಳನ್ನು ತೋರಿಸುವುದು ಆತನ ರೂಢಿಯಾಯಿತು. ಅವನ ಜೊತೆಗೆ ಅದೇ ಶಾಲೆಯಲ್ಲಿ ಕಲಿತ ಸಾಮೊ ಹಂಗ್ ಡೊಳ್ಳುಹೊಟ್ಟೆಯ ಆಳಾಗಿದ್ದೂ ತೆರೆಯ ಮೇಲೆ ಬೆಕ್ಕಿನಂತೆ ಚಲಿಸುತ್ತಿದ್ದ. ಹಾಂಕಾಂಗಿನಲ್ಲಿ ಮೈಯ ಆಕಾರಕ್ಕಿಂತ ಮೈಗೆ ಬಂದ ವಿದ್ಯೆ ದೊಡ್ಡದಾಗಿತ್ತು.

1980ರ ದಶಕ: ಮಾಂಸಖಂಡಗಳ ಆಳ್ವಿಕೆ

ಸಿಲ್ವೆಸ್ಟರ್ ಸ್ಟಲೋನ್ ಒಂದೇ ಪಾತ್ರವನ್ನು ಒಂಬತ್ತು ವರ್ಷಗಳಲ್ಲಿ ನಾಲ್ಕು ಬಾರಿ ಮಾಡಿದ್ದರಿಂದ ಈ ಬದಲಾವಣೆಯನ್ನು ಕಣ್ಣಾರೆ ಅಳೆಯಬಹುದು. ತಾನೇ ಬರೆದ ಚಿತ್ರಕತೆಯನ್ನು ತಾನೇ ನಾಯಕನಾಗದೆ ಕೊಡುವುದಿಲ್ಲವೆಂದು ಪಟ್ಟುಹಿಡಿದು ಮಾಡಿದ ‘ರಾಕಿ’ (1976) ಚಿತ್ರದಲ್ಲಿ ಆತನದು ದಪ್ಪ ಕತ್ತಿನ, ತುಸು ಕೊಬ್ಬು ಉಳಿದಿರುವ, ಫಿಲಡೆಲ್ಫಿಯಾದ ಬೀದಿಯಲ್ಲಿ ಸಿಗಬಹುದಾದ ಬಾಕ್ಸರನ ಮೈ. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ‘ರಾಕಿ 3’ (1982) ಹೊತ್ತಿಗೆ ಕೊಬ್ಬು ಪೂರ್ತಿ ಕರಗಿದೆ. ಆಗ ತಾನು ಮೀನು, ಮೊಟ್ಟೆಯ ಬಿಳಿ, ಕಾಫಿಯ ಮೇಲೆ ದಿನ ಕಳೆದು ತಲೆಸುತ್ತು ಬರುವ ಸ್ಥಿತಿಗೆ ತಲುಪಿದ್ದೆನೆಂದು ಆತನೇ ಹೇಳಿಕೊಂಡಿದ್ದಾನೆ. ‘ರಾಕಿ 4’ ಮತ್ತು ‘ರ್‍ಯಾಂಬೋ: ಫಸ್ಟ್ ಬ್ಲಡ್ ಪಾರ್ಟ್ 2’ ಎರಡೂ 1985ರವು. ಅವುಗಳಲ್ಲಿ ಎಣ್ಣೆ ಹಚ್ಚಿದ, ನರ ಉಬ್ಬಿದ, ಕಂಚಿನ ಬಣ್ಣದ ಮೈ ಒಂದು ದೇಶದ ಪ್ರತಿಮೆಯಾಗಿ ನಿಂತಿದೆ. ವಿಯೆಟ್ನಾಂ ಸೋಲಿನ ಕಹಿಯನ್ನು ರೇಗನ್ ಕಾಲದ ಅಮೆರಿಕ ಈ ಗಟ್ಟಿ ಮೈಗಳ ಮೂಲಕ ಮರೆಯಲು ಯತ್ನಿಸಿತೆಂದು ಸೂಸನ್ ಜೆಫರ್ಡ್ಸ್ 1994ರ ತಮ್ಮ ‘ಹಾರ್ಡ್ ಬಾಡೀಸ್’ ಪುಸ್ತಕದಲ್ಲಿ ವಾದಿಸಿದ್ದಾರೆ. ‘ಫಸ್ಟ್ ಬ್ಲಡ್’ (1982) ಚಿತ್ರದ ಕೊನೆಯಲ್ಲಿ ಮಗುವಿನಂತೆ ಅಳುವ ರ್‍ಯಾಂಬೋ, ಮೂರೇ ವರ್ಷಗಳ ನಂತರದ ಎರಡನೆಯ ಭಾಗದಲ್ಲಿ ಒಬ್ಬನೇ ಸೈನ್ಯವನ್ನು ನುಗ್ಗುನುರಿ ಮಾಡುವುದನ್ನು ಕಂಡರೆ ಆ ವಾದ ಸುಮ್ಮನೆ ಹುಟ್ಟಿದ್ದಲ್ಲ ಎನಿಸುತ್ತದೆ.

ಶ್ವಾರ್ಜ್‌ನೆಗರ್ ಹಾದಿ ಇದಕ್ಕೆ ತಿರುವುಮುರುವು. ಸ್ಟಲೋನ್ ನಟನಾಗಿ ಬಂದು ಮೈ ಕಟ್ಟಿದ; ಈತ ಮೈ ಕಟ್ಟಿ ನಟನಾದ. 1970ರಿಂದ 1975ರ ವರೆಗೆ ಸತತವಾಗಿ, ಮತ್ತೆ 1980ರಲ್ಲಿ, ಒಟ್ಟು ಏಳು ಬಾರಿ ಮಿಸ್ಟರ್ ಒಲಿಂಪಿಯಾ ಗೆದ್ದಿದ್ದ. ಮೊದಲ ಚಿತ್ರ ‘ಹರ್ಕ್ಯುಲಿಸ್ ಇನ್ ನ್ಯೂಯಾರ್ಕ್’ (1970) ಬಂದಾಗ ಹೆಸರನ್ನು ಆರ್ನಾಲ್ಡ್ ಸ್ಟ್ರಾಂಗ್ ಎಂದು ಬದಲಿಸಿ, ದನಿಯನ್ನೂ ಬೇರೆಯವರಿಂದ ಕೊಡಿಸಿದ್ದರು. ಹೆಸರು ಉದ್ದ, ಉಚ್ಚಾರ ಒರಟು, ಮೈ ವಿಪರೀತ ಎಂಬ ಮೂರು ಆಕ್ಷೇಪಗಳು ಆತನ ಮೇಲಿದ್ದವು. ‘ಪಂಪಿಂಗ್ ಐರನ್’ (1977) ಸಾಕ್ಷ್ಯಚಿತ್ರ ಆತನ ಚತುರ ಮಾತು, ನಗು, ಎದುರಾಳಿಯ ಧೈರ್ಯ ಕೆಡಿಸುವ ಕುಶಲತೆಯನ್ನು ಜಗತ್ತಿಗೆ ತೋರಿಸಿತು. ಆತನ ತಾರಾಬಲದ ಬೀಜ ಇದ್ದದ್ದು ಅಲ್ಲಿ. ‘ಕೋನನ್ ದಿ ಬಾರ್ಬೇರಿಯನ್’ (1982) ಮೈಯನ್ನು ಬಳಸಿತು. ‘ದಿ ಟರ್ಮಿನೇಟರ್’ (1984) ಇನ್ನೂ ಜಾಣತನ ಮಾಡಿ, ಆ ಒರಟು ಉಚ್ಚಾರವನ್ನೂ ಚಲನೆಯ ಬಿಗಿತನವನ್ನೂ ಯಂತ್ರದ ಗುಣವಾಗಿ ಬದಲಾಯಿಸಿತು. ‘ಕಮಾಂಡೋ’ (1985) ಚಿತ್ರದಲ್ಲಿ ನಾಯಕನ ಪರಿಚಯವಾಗುವುದು ಹೆಗಲ ಮೇಲಿನ ಮರದ ದಿಮ್ಮಿಯಿಂದ, ಉಬ್ಬಿದ ತೋಳಿನಿಂದ. ಮುಖ ಬರುವುದು ಆಮೇಲೆ. ‘ಟರ್ಮಿನೇಟರ್ 2’ (1991) ಹೊತ್ತಿಗೆ ಆತ ಜಗತ್ತಿನ ಅತಿ ದುಬಾರಿ ನಟರಲ್ಲಿ ಒಬ್ಬ. 2003ರಲ್ಲಿ ಅದೇ ಹೆಸರು, ಅದೇ ಉಚ್ಚಾರದೊಂದಿಗೆ ಕ್ಯಾಲಿಫೋರ್ನಿಯಾದ ಗವರ್ನರ್ ಆದ. ಮೈಕಟ್ಟಿನಿಂದ ಗಳಿಸಿದ ತಾರಾಬಲ ತಲುಪಿದ ಅತ್ಯಂತ ದೂರದ ಗುರುತು ಅದು.

ಇವರ ಬೆನ್ನಿಗೆ ಜಾನ್ ಕ್ಲಾಡ್ ವಾನ್ ಡ್ಯಾಮ್, ಡಾಲ್ಫ್ ಲಂಡ್‌ಗ್ರೆನ್, ಸ್ಟೀವನ್ ಸೆಗಾಲ್ ಬಂದರು. ವಿಡಿಯೊ ಕ್ಯಾಸೆಟ್‌ಗಳ ಕಾಲ ಅವರನ್ನು ನಮ್ಮ ಸಣ್ಣ ಊರುಗಳವರೆಗೂ ತಂದಿತು.

‘ಡೈ ಹಾರ್ಡ್’ ಮತ್ತು ನಂತರ

1988ರಲ್ಲಿ ‘ಡೈ ಹಾರ್ಡ್’ ಚಿತ್ರಕ್ಕೆ ಬ್ರೂಸ್ ವಿಲ್ಲಿಸನಿಗೆ ಐವತ್ತು ಲಕ್ಷ ಡಾಲರ್ ಸಂಭಾವನೆ ಕೊಟ್ಟಾಗ ಹಾಲಿವುಡ್ ಬೆಚ್ಚಿತು. ಆತ ಟಿ.ವಿ. ಹಾಸ್ಯ ಧಾರಾವಾಹಿಯ ನಟ, ಮೈಕಟ್ಟು ಸಾಧಾರಣ, ತಲೆಗೂದಲು ಆಗಲೇ ಹಿಂದೆ ಸರಿಯುತ್ತಿತ್ತು. ಬರಿಗಾಲಿನಲ್ಲಿ ಗಾಜಿನ ಚೂರುಗಳ ಮೇಲೆ ಓಡಿ, ರಕ್ತ ಸುರಿಸಿ, ಹೆದರಿ, ಗೊಣಗಿ ಗೆಲ್ಲುವ ಈ ಪೊಲೀಸಿನವ ಮಾಂಸಖಂಡಗಳ ಆಳ್ವಿಕೆಗೆ ಮೊದಲ ಪೆಟ್ಟು ಕೊಟ್ಟ. ಎರಡನೆಯ ಪೆಟ್ಟು ಕಂಪ್ಯೂಟರಿನಿಂದ. 1993ರ ಜೂನ್‌ನಲ್ಲಿ ‘ಜುರಾಸಿಕ್ ಪಾರ್ಕ್’ ಬಂದ ಮರುವಾರ ಶ್ವಾರ್ಜ್‌ನೆಗರನ ‘ಲಾಸ್ಟ್ ಆಕ್ಷನ್ ಹೀರೋ’ ಬಿಡುಗಡೆಯಾಗಿ ಸೋತಿತು. ಜನರನ್ನು ಬೆರಗುಗೊಳಿಸಲು ನಟನ ತೋಳೇ ಬೇಕೆಂದಿಲ್ಲ ಎಂಬುದು ಸ್ಟುಡಿಯೊಗಳಿಗೆ ಅರ್ಥವಾಯಿತು. ‘ದಿ ಮೇಟ್ರಿಕ್ಸ್’ (1999) ಹಾಂಕಾಂಗಿನ ಸಾಹಸ ಸಂಯೋಜಕ ಯುವೆನ್ ವೂ-ಪಿಂಗನನ್ನು ಕರೆಸಿ, ತೆಳ್ಳಗಿನ ಕಿಯಾನು ರೀವ್ಸ್ ಮತ್ತು ಸಂಗಡಿಗರಿಗೆ ತಿಂಗಳುಗಟ್ಟಲೆ ಕುಂಗ್‌ಫು ಕಲಿಸಿ, ರೋಪ್ ಕಟ್ಟಿ ಹಾರಿಸಿತು. ‘ದಿ ಬಾರ್ನ್ ಐಡೆಂಟಿಟಿ’ (2002) ಮ್ಯಾಟ್ ಡೇಮನ್‌ನಂಥ ಪಕ್ಕದ ಮನೆಯ ಹುಡುಗನ ಮೈಯಿಂದಲೂ ಸಾಹಸ ಸಾಧ್ಯವೆಂದು ತೋರಿಸಿತು. ಹಗುರ ಮೈಗಳ ಈ ಅವಧಿ ಹತ್ತು ಹದಿನೈದು ವರ್ಷ ಮಾತ್ರ ಬಾಳಿತು.

ಶೂಟಿಂಗಿಗಾಗಿ ಕಟ್ಟಿದ ಮೈ

ಹೊಸ ಶತಮಾನದಲ್ಲಿ ಮಾಂಸಖಂಡಗಳು ಮರಳಿ ಬಂದವು, ಆದರೆ ಬೇರೆ ವ್ಯವಸ್ಥೆಯ ಮೂಲಕ. ‘ಕಸೀನೊ ರಾಯಲ್’ (2006) ಚಿತ್ರದಲ್ಲಿ ಡೇನಿಯಲ್ ಕ್ರೇಗ್ ಸಮುದ್ರದಿಂದ ಎದ್ದು ಬರುವ ದೃಶ್ಯ ಬಾಂಡ್‌ನ ಸೂಟನ್ನು ಕಳಚಿತು. ಮರುವರ್ಷ ‘300’ ಚಿತ್ರಕ್ಕಾಗಿ ಜೆರಾರ್ಡ್ ಬಟ್ಲರ್ ಮತ್ತು ಸಂಗಡಿಗರನ್ನು ಪರ್ವತಾರೋಹಿ ಮಾರ್ಕ್ ಟ್ವೈಟ್ ಪಳಗಿಸಿದ ಕತೆ ಚಿತ್ರದಷ್ಟೇ ಪ್ರಚಾರ ಪಡೆಯಿತು. ಅಲ್ಲಿಂದ ತರಬೇತುದಾರ, ಅಡುಗೆಯವನು, ಆಹಾರತಜ್ಞ ಎಲ್ಲರೂ ನಿರ್ಮಾಣವೆಚ್ಚದ ಭಾಗವಾದರು. ಹಾಸ್ಯನಟ ಕ್ರಿಸ್ ಪ್ರ್ಯಾಟ್ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ (2014) ಚಿತ್ರಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಕಿಲೊ ಇಳಿಸಿದ. ‘ಎಟರ್ನಲ್ಸ್’ (2021) ಚಿತ್ರಕ್ಕಾಗಿ ಬದಲಾದ ಕುಮೈಲ್ ನಂಜಿಯಾನಿಯ ಮೈಯ ಛಾಯಾಚಿತ್ರ ಚಿತ್ರಕ್ಕಿಂತ ಎರಡು ವರ್ಷ ಮೊದಲೇ ಸುದ್ದಿಯಾಯಿತು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ವೈಸ್‌ಮುಲ್ಲರನ ಮೈ ಈಜಿನಿಂದ, ಲಂಕಾಸ್ಟರನದು ಸರ್ಕಸ್ಸಿನಿಂದ, ಲೀಯದು ಕಾದಾಟದಿಂದ, ಶ್ವಾರ್ಜ್‌ನೆಗರನದು ಹದಿಹರೆಯದಿಂದ ಹಿಡಿದ ಹಟದಿಂದ ಬಂತು. ಅವರು ಸೆಟ್ಟಿಗೆ ತಮ್ಮ ಮೈ ತಂದರು. ಈಗಿನ ನಟನಿಗೆ ಪಾತ್ರದ ಮೈಯನ್ನು ಸ್ಟುಡಿಯೊ ಕಟ್ಟಿಸುತ್ತದೆ, ಅಂಗಿ ಬಿಚ್ಚುವ ದೃಶ್ಯದ ದಿನಕ್ಕೆ ಸರಿಯಾಗಿ ಅದು ಹಣ್ಣಾಗಬೇಕು. ಅದಕ್ಕಾಗಿ ನೀರನ್ನೂ ಬಿಡಿಸುತ್ತಾರೆ. ಚರ್ಮದಡಿಯ ನೀರು ಇಳಿದರೆ ಮಾಂಸಖಂಡ ಎದ್ದು ಕಾಣುತ್ತದೆ ಎಂಬುದು ಲೆಕ್ಕ. ‘ದಿ ವಿಚರ್’ ಸರಣಿಗಾಗಿ ಹೀಗೆ ದಿನಗಟ್ಟಲೆ ನೀರು ಕಡಿಮೆ ಮಾಡಿದ ಅನುಭವವನ್ನು ಹೆನ್ರಿ ಕ್ಯಾವಿಲ್, ತನ್ನದೊಂದು ಪಾತ್ರಕ್ಕಾಗಿ ಹೀಗೇ ಮಾಡಿದ್ದನ್ನು ಹ್ಯೂ ಜಾಕ್‌ಮನ್ ಹೇಳಿದ್ದಾರೆ. ‘ಬೇವಾಚ್’ (2017) ಚಿತ್ರದ ತಯಾರಿಯ ನಂತರ ನಿದ್ರೆಗೆಟ್ಟು, ಮನಸ್ಸು ಕುಗ್ಗಿ, ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವೆಂದೂ ಅಂಥ ಮೈ ಎಲ್ಲರಿಗೂ ಸಾಧ್ಯವೆಂದು ತಾನು ನಂಬುವುದಿಲ್ಲವೆಂದೂ ಜಾಕ್ ಎಫ್ರಾನ್ ಬಿಚ್ಚಿ ಹೇಳಿದ್ದಾನೆ. ಶಕ್ತಿವರ್ಧಕ ಔಷಧಗಳ ನೆರಳೂ ಇದರ ಮೇಲಿದೆ. ಸ್ಪರ್ಧೆಯ ದಿನಗಳಲ್ಲಿ ಸ್ಟೆರಾಯ್ಡ್ ಬಳಸಿದ್ದನ್ನು ಶ್ವಾರ್ಜ್‌ನೆಗರ್ ಒಪ್ಪಿಕೊಂಡಿದ್ದಾನೆ. ಬೆಳವಣಿಗೆಯ ಹಾರ್ಮೋನನ್ನು ಆಸ್ಟ್ರೇಲಿಯಾಕ್ಕೆ ತಂದದ್ದಕ್ಕೆ 2007ರಲ್ಲಿ ಸ್ಟಲೋನ್ ದಂಡ ತೆತ್ತ.

ಗಂಡಸಿನ ಮೈಯ ಆದರ್ಶ ಹೇಗೆ ಬದಲಾಯಿತೆಂದು ನೋಡಲು ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1999ರಲ್ಲಿ ಆಟಿಕೆಗಳನ್ನೇ ಅಳೆದರು. 1964ರ ಜಿ.ಐ. ಜೋ ಸೈನಿಕನ ಗೊಂಬೆಯನ್ನು ಮನುಷ್ಯನ ಎತ್ತರಕ್ಕೆ ಹಿಗ್ಗಿಸಿದರೆ ತೋಳಿನ ಸುತ್ತಳತೆ ಸುಮಾರು 12 ಅಂಗುಲ ಆಗುತ್ತಿತ್ತು. 1990ರ ದಶಕದ ಕೊನೆಯ ಒಂದು ಗೊಂಬೆಯದು 26 ಅಂಗುಲ ಮೀರಿತ್ತು. ಎಷ್ಟು ಕಟ್ಟುಮಸ್ತಾಗಿದ್ದರೂ ತಾನು ಸಣಕಲನೆಂದು ಕೊರಗುವ ಮನೋರೋಗವನ್ನು ಪೋಪ್ ಮತ್ತು ಸಹಲೇಖಕರು ‘ದಿ ಅಡೊನಿಸ್ ಕಾಂಪ್ಲೆಕ್ಸ್’ (2000) ಪುಸ್ತಕದಲ್ಲಿ ವಿವರಿಸಿದರು. ಜಿಮ್ಮಿನ ಕನ್ನಡಿಯ ಮುಂದೆ ನಿಂತ ಹದಿನೆಂಟರ ಹುಡುಗನಿಗೆ, ತೆರೆಯ ಮೇಲೆ ಕಂಡ ಮೈ ಕೆಲವೇ ಗಂಟೆಗಳ ಶೂಟಿಂಗಿಗಾಗಿ ಹಸಿದು, ಬಾಯಾರಿ ತಂದದ್ದೆಂದು ಹೇಳುವವರು ಬೇಕು.

ಹೆಸರು ಪಾತ್ರದ್ದು, ನಟನದಲ್ಲ

2008ರ ‘ಐರನ್ ಮ್ಯಾನ್’ ನಂತರ ಮಾರ್ವೆಲ್ ಸ್ಟುಡಿಯೊ ಕಟ್ಟಿದ ಮಾದರಿಯಲ್ಲಿ ಜನರನ್ನು ಕರೆತರುವುದು ಪಾತ್ರ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಥಾರ್ ಆಗಿ ಮೆರೆದ ಕ್ರಿಸ್ ಹೆಮ್ಸ್‌ವರ್ತ್‌ನ ‘ಬ್ಲ್ಯಾಕ್‌ಹ್ಯಾಟ್’ ಮತ್ತು ‘ಇನ್ ದಿ ಹಾರ್ಟ್ ಆಫ್ ದಿ ಸೀ’ ಎರಡೂ 2015ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋತವು. ಮೈ ಅದೇ, ಮುಖ ಅದೇ; ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಸ್ಪೈಡರ್‌ಮ್ಯಾನ್ ಪಾತ್ರಕ್ಕೆ 2002ರಿಂದ ಹದಿನೈದು ವರ್ಷಗಳಲ್ಲಿ ಮೂವರು ನಟರು ಬಂದರು, ಪಾತ್ರ ಮಾತ್ರ ಕುಂದಲಿಲ್ಲ. ಜನ ಬರುವುದು ತನಗಾಗಿ ಅಲ್ಲ, ತಾನು ತೊಡುವ ಫಾಲ್ಕನ್ ವೇಷಕ್ಕಾಗಿ ಎಂಬ ಅರ್ಥದ ಮಾತನ್ನು ಆಂಟನಿ ಮ್ಯಾಕಿ ಎಂಬ ನಟನೇ ಆಡಿದ್ದಾನೆ. ಬ್ರೂಸ್ ಲೈ, ಬ್ರೂಸ್ ಲೇಗಳು ಏಕೆ ಸೋತರು ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಅಂದು ಮೈಯೂ ಹೆಸರೂ ಒಬ್ಬ ಮನುಷ್ಯನಿಗೆ ಅಂಟಿಕೊಂಡಿದ್ದವು. ಇಂದು ಮೈಯೂ ವೇಷದ ಭಾಗ.

ಕುಸ್ತಿ ಮನರಂಜನೆಯ ಕಣದಿಂದ ಬಂದ ಡ್ವೇನ್ ಜಾನ್ಸನ್ ಇದಕ್ಕೆ ಅಪವಾದವೆಂದು ಬಹುಕಾಲ ತೋರಿದ. ‘ದಿ ಸ್ಕಾರ್ಪಿಯನ್ ಕಿಂಗ್’ (2002) ಚಿತ್ರಕ್ಕೆ ಆತ ಪಡೆದ 55 ಲಕ್ಷ ಡಾಲರ್, ಮೊದಲ ಬಾರಿ ನಾಯಕನಾದವನಿಗೆ ಅದುವರೆಗೆ ಸಂದ ದೊಡ್ಡ ಮೊತ್ತ. ಆದರೆ ಆತನೂ ನಟಿಸಿದ ‘ಫಾಸ್ಟ್ ಆ್ಯಂಡ್ ಫ್ಯೂರಿಯಸ್’ ಸರಣಿಯ ನಾಯಕರು ತೆರೆಯ ಮೇಲಿನ ಹೊಡೆದಾಟದಲ್ಲಿ ತಾವು ಸೋಲದಂತೆ, ತಿನ್ನುವ ಪೆಟ್ಟುಗಳ ಎಣಿಕೆಯಲ್ಲೂ ಹಿಂದೆ ಬೀಳದಂತೆ ನೋಡಿಕೊಳ್ಳುತ್ತಾರೆಂದು 2019ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ವರದಿ ಮಾಡಿತ್ತು. ಜಾಕಿ ಚಾನ್ ಪೆಟ್ಟು ತಿಂದು ಬೆಳೆದ. ಇವರು ಪೆಟ್ಟಿಗೆ ಲೆಕ್ಕ ಇಡಬೇಕಾದದ್ದು ತಾರಾಬಲ ಎಷ್ಟು ತೆಳುವಾಯಿತೆಂಬುದರ ಗುರುತು.

ಹೆಸರಿನ ಮೇಲೆ ಇಂದಿಗೂ ಜನರನ್ನು ಕರೆಯುವವರಲ್ಲಿ ಮೊದಲಿಗ ಟಾಮ್ ಕ್ರೂಸ್. ಎತ್ತರದ ಆಳಲ್ಲ, ಭಾರಿ ಮೈಯೂ ಅಲ್ಲ. ದುಬೈನ ಬುರ್ಜ್ ಖಲೀಫಾದ ಹೊರಗೋಡೆಯಲ್ಲಿ ನೇತಾಡಿದ್ದು, ಕಟ್ಟಡದಿಂದ ಕಟ್ಟಡಕ್ಕೆ ಹಾರುವಾಗ ಹರಡು ಮುರಿದುಕೊಂಡೂ ಎದ್ದು ಓಡಿದ್ದು, ನಾರ್ವೆಯ ಕಡಿದಾದ ಬೆಟ್ಟದಿಂದ ಮೋಟಾರ್‌ಸೈಕಲ್ ಸಮೇತ ಧುಮುಕಿದ್ದು ತಾನೇ ಎಂಬುದೇ ಆತನ ಬಂಡವಾಳ. 2022ರಲ್ಲಿ, ಅರುವತ್ತರ ಹೊಸ್ತಿಲಲ್ಲಿದ್ದ ಆತನ ‘ಟಾಪ್ ಗನ್: ಮ್ಯಾವರಿಕ್’ 140 ಕೋಟಿ ಡಾಲರ್ ದಾಟಿತು. ‘ಜಾನ್ ವಿಕ್’ (2014) ಬಂದಾಗ ಕಿಯಾನು ರೀವ್ಸ್‌ಗೆ ಐವತ್ತು. ಅದರಲ್ಲಿ ಕ್ಯಾಮೆರಾ ದೂರ ನಿಂತು, ಕತ್ತರಿಸದೆ, ಒಬ್ಬ ಮನುಷ್ಯ ಕಲಿತ ವಿದ್ಯೆಯನ್ನು ತೋರಿಸುತ್ತದೆ. ಲಿಯಾಮ್ ನೀಸನ್ ‘ಟೇಕನ್’ (2008) ಮೂಲಕ ಸಾಹಸತಾರೆಯಾದದ್ದೂ ಐವತ್ತೈದು ದಾಟಿದ ಮೇಲೆಯೇ.

ಭಾರತ ಮತ್ತು ಕನ್ನಡ

ಭಾರತದಲ್ಲಿ ತಾರಾಬಲಕ್ಕೂ ಮಾಂಸಖಂಡಕ್ಕೂ ಬಹುಕಾಲ ಸಂಬಂಧವೇ ಇರಲಿಲ್ಲ. ಕುಸ್ತಿಪಟು ದಾರಾ ಸಿಂಗ್ 1960ರ ದಶಕದಲ್ಲಿ ಹಿಂದಿಯ ಸಾಹಸಚಿತ್ರಗಳ ನಾಯಕನಾದರೂ ಅವು ಎರಡನೆಯ ಸಾಲಿನಲ್ಲೇ ಉಳಿದವು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕವಾಡ್ ರಜನಿಕಾಂತ್ ಆದದ್ದು ಸಣಕಲು ಮೈಯಿಂದಲೇ. ಎಪ್ಪತ್ತು ದಾಟಿದ ಮೇಲೆ ‘ಜೈಲರ್’ (2023) ಚಿತ್ರದಲ್ಲೂ ಜನ ನೋಡಿದ್ದು ಅವರ ನಡೆ, ತಿರುಗಿ ನಿಲ್ಲುವ ರೀತಿ. ಹಿಂದಿಯಲ್ಲಿ 2000ರಲ್ಲಿ ಹೃತಿಕ್ ರೋಷನ್ ಬಂದ ನಂತರ, ‘ಓಂ ಶಾಂತಿ ಓಂ’ (2007), ‘ಗಜಿನಿ’ (2008) ಮೂಲಕ ಸಿಕ್ಸ್ ಪ್ಯಾಕ್ ನಾಯಕನ ಅರ್ಹತೆಯಾಯಿತು.

ಕನ್ನಡದಲ್ಲಿ ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ರಂಗಭೂಮಿಯ ಮೂಲಕ ಬಂದವರು. ‘ಜೇಡರ ಬಲೆ’ (1968) ಚಿತ್ರದ ಪತ್ತೇದಾರನಾಗಲಿ, ‘ಮಯೂರ’ (1975) ಚಿತ್ರದ ಕತ್ತಿವರಸೆಯ ರಾಜಕುಮಾರನಾಗಲಿ ಜಿಮ್ಮಿನಲ್ಲಿ ಹುಟ್ಟಿದವರಲ್ಲ. ಯೋಗ ಸಾಧನೆ ಮಾಡಿದ್ದ ಅವರು ಐವತ್ತರ ಆಚೆ ‘ಕಾಮನ ಬಿಲ್ಲು’ (1983) ಚಿತ್ರದಲ್ಲಿ ಕಠಿಣ ಆಸನಗಳನ್ನು ತಾವೇ ಮಾಡಿ ತೋರಿಸಿದ್ದು ಕನ್ನಡ ತೆರೆಯ ಮೇಲೆ ನಾಯಕನ ಮೈಯ ಅಪರೂಪದ ದಾಖಲೆ. ಉಬ್ಬಿಲ್ಲ, ಎಣ್ಣೆಯಿಲ್ಲ, ವರ್ಷಗಳ ಶ್ರದ್ಧೆಯಿದೆ. ಶಂಕರ್‌ನಾಗ್ ಅವರನ್ನು ಜನ ಕರಾಟೆ ಕಿಂಗ್ ಎಂದು ಹೊತ್ತುಕೊಂಡರು; ಬ್ರೂಸ್ ಲೀ ಎಬ್ಬಿಸಿದ ಗಾಳಿ ಅದರ ಹಿಂದಿತ್ತು. ‘ದುನಿಯಾ’ (2007) ವಿಜಯ್, ‘ಪೈಲ್ವಾನ್’ (2019) ಚಿತ್ರದ ಸುದೀಪ್ ಅವರ ಹೊತ್ತಿಗೆ ಕಟ್ಟಿದ ಮೈ ಪ್ರಚಾರದ ಭಾಗವಾಗಿತ್ತು. ಪುನೀತ್ ರಾಜ್‌ಕುಮಾರ್ ಅವರ ಹೊಡೆದಾಟ, ನೃತ್ಯ, ವ್ಯಾಯಾಮದ ವಿಡಿಯೊಗಳು ಯುವಕರಿಗೆ ಮಾದರಿಯಾಗಿದ್ದವು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಾಗ ಜಿಮ್‌ಗೆ ಹೋಗುವ ಸಾವಿರಾರು ಮಂದಿ ದಿಗಿಲುಬಿದ್ದು ಹೃದಯ ತಪಾಸಣೆಗೆ ಸಾಲುಗಟ್ಟಿದರು. ಆ ಸಾವನ್ನು ವ್ಯಾಯಾಮದ ತಲೆಗೆ ಕಟ್ಟುವುದು ಸರಿಯಲ್ಲ. ನಾಯಕನ ಮೈಯನ್ನು ಜನ ತಮ್ಮ ಮೈಯ ಭರವಸೆಯಾಗಿ ಎಷ್ಟು ನೆಚ್ಚಿಕೊಂಡಿದ್ದರೆಂಬುದು ಮಾತ್ರ ಅಂದು ಗೊತ್ತಾಯಿತು. ₹1,000 ಕೋಟಿ ದಾಟಿದ ‘ಕೆ.ಜಿ.ಎಫ್: ಚಾಪ್ಟರ್ 2’ (2022) ಚಿತ್ರದಲ್ಲಿ ಯಶ್ ಹೆಚ್ಚಾಗಿ ಸೂಟಿನಲ್ಲಿದ್ದಾರೆ. ಅವರ ಪಾತ್ರವಾದ ರಾಕಿಯ ಬಲವನ್ನು ಕಟ್ಟುವುದು ಗಡ್ಡ, ನಡಿಗೆ ಮತ್ತು ಅವನ ಬಗ್ಗೆ ಬೇರೆಯವರು ಹೇಳುವ ಮಾತು. ಅದೇ ವರ್ಷದ ‘ಕಾಂತಾರ’ದಲ್ಲಿ ರಿಷಬ್ ಶೆಟ್ಟಿ ಕಂಬಳದ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಓಡಿದಾಗ, ನೆಲದ ಕೆಲಸದಿಂದ ಬಂದ ಮೈ ತೆರೆಗೆ ಮರಳಿತು.

ಡೂಪ್ ಮತ್ತು ಸಾಹಸ ಕಲಾವಿದರು

ಸಾಹಸದೃಶ್ಯಗಳಲ್ಲಿ ತಾರೆಯ ಮೈ ಎಂದು ನಾವು ನೋಡುವುದರಲ್ಲಿ ಎಷ್ಟೋ ಪಾಲು ತಾರೆಯ ಬದಲಿಗೆ ಸಾಹಸ ಮಾಡುವ ಡೂಪ್‌ಗಳದು. ‘ದಿ ಮೇಟ್ರಿಕ್ಸ್’ನಲ್ಲಿ ರೀವ್ಸ್‌ಗೆ ಡೂಪ್ ಆಗಿದ್ದ ಚಾಡ್ ಸ್ಟಹೆಲ್‌ಸ್ಕಿಯೇ ಮುಂದೆ ‘ಜಾನ್ ವಿಕ್’ ನಿರ್ದೇಶಿಸಿದ. ಬ್ರ್ಯಾಡ್ ಪಿಟ್‌ಗೆ ಡೂಪ್ ಆಗಿದ್ದ ಡೇವಿಡ್ ಲೀಚ್ 2024ರಲ್ಲಿ ಡೂಪ್‌ಗಳ ಬದುಕನ್ನೇ ಕತೆಯಾಗಿಸಿ ‘ದಿ ಫಾಲ್ ಗೈ’ ಮಾಡಿದ. ಅವರಿಗೆ ಸಿಕ್ಕ ಅವಕಾಶ ಎಲ್ಲರಿಗೂ ಸಿಗಲಿಲ್ಲ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರದ ಶೂಟಿಂಗಿನಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಧುಮುಕಿದ ಖಳಪಾತ್ರಧಾರಿಗಳಾದ ಅನಿಲ್ ಮತ್ತು ಉದಯ್ ನೀರುಪಾಲಾದರು. ಇಬ್ಬರೂ ವರ್ಷಗಟ್ಟಲೆ ಬೆವರು ಸುರಿಸಿ ಮೈ ಕಟ್ಟಿದ್ದವರು. ಈಜು ಸರಿಯಾಗಿ ಬರದವರನ್ನು ಸುರಕ್ಷೆಯ ಏರ್ಪಾಡಿಲ್ಲದೆ ನೀರಿಗೆ ಇಳಿಸಿದ್ದು ಕನ್ನಡ ಚಿತ್ರರಂಗ ಮರೆಯಬಾರದ ತಪ್ಪು.

ಸಾಹಸ ಸಂಯೋಜನೆಗೆ ಆಸ್ಕರ್ ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಅಕಾಡೆಮಿ 2025ರ ಏಪ್ರಿಲ್‌ನಲ್ಲಿ ಅದಕ್ಕೆ ಒಪ್ಪಿತು. 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಗೆ, ನೂರನೆಯ ಆಸ್ಕರ್ ಸಮಾರಂಭದಲ್ಲಿ, ಸಾಹಸ ವಿನ್ಯಾಸಕ್ಕೆ ಮೊದಲ ಪ್ರಶಸ್ತಿ ಸಲ್ಲಬೇಕಿದೆ.